ಉತ್ತರದ ಬಾಯಿಯಲ್ಲಿ ಬರೀ ಹೊಗೆ

ಗ್ಲಾಕೋಮಾದಿಂದ ಎರಡೂ ಕಣ್ಣು ಪೂರ್ತಿ ಹೋಗಿದ್ದರೂ ಅಪ್ಪ ಹವಾಯಿಯ ಜ್ವಾಲಾಮುಖಿಯನ್ನು ಬಿಟ್ಟಿರಲಿಲ್ಲ. ಫ್ಲೋರಲ್ ಪಾರ್ಕ್ ಎಂಬ ಉಪನಗರದ ನಮ್ಮ ಮನೆಯ ಟಿವಿಯಲ್ಲಿ ಅದರ ಲೈವ್, ಸದ್ದಿಲ್ಲದೆ, ದಿನವಿಡೀ ಓಡುತ್ತಿತ್ತು. ಭದ್ರಾವತಿಯಲ್ಲಿ ಮೂವತ್ತು ವರ್ಷ ಕಬ್ಬಿಣ ಕರಗಿಸುವ ಫರ್ನೇಸಿನ ಮುಂದೆ ನಿಂತ ಮನುಷ್ಯ, ಇನ್ನೇನು ಧಾರಾವಾಹಿ ನೋಡುತ್ತಾರೆಯೇ? ಆ ಕುಳಿಯಲ್ಲಿ ಲಾವಾ ಉಗುಳುವ ಬಾಯಿಗಳು ಎರಡು: ಉತ್ತರದ್ದು, ದಕ್ಷಿಣದ್ದು. ವಾರಗಟ್ಟಲೆ ಸುಮ್ಮನೆ ಹೊಗೆಯಾಡುತ್ತವೆ. ಆಮೇಲೆ ಲಾವಾ ಬಾಯಿಯ ತನಕ ಏರಿ, ಚೆಲ್ಲಿ, ಮತ್ತೆ ಒಳಗಿಳಿಯುತ್ತದೆ. ಹೀಗೆ ಹತ್ತಾರು ಸಲ ಆಟವಾಡಿಸಿ, ಒಂದು ದಿನ ಕೆಲವೇ ಗಂಟೆ ಕಾರಂಜಿಯಾಗಿ ಚಿಮ್ಮುತ್ತದೆ. ಅದನ್ನೆಲ್ಲ ನೋಡಿ ಅಪ್ಪನಿಗೆ ಹೇಳುವ ಕೆಲಸ ನನ್ನದು.

ನಾನೋ, ಬೆಳಗ್ಗೆ ಆರಕ್ಕೆ ಹೊರಟು ಸಿಟಿಗೆ ಕಮ್ಯೂಟ್ ಮಾಡಿ, ಸಂಜೆ ರೈಲಿನಲ್ಲಿ ನಿಂತೇ ಬರುವ ಗಾಣದೆತ್ತು. ಕೋಟು ಬಿಚ್ಚುವ ಮೊದಲೇ ಪ್ರಶ್ನೆ. “ಏನ್ ಕಾಣ್ತಿದೆ ಹೇಳಮ್ಮ? ಬಾಯಿ ಕೆಂಪಗಿದ್ಯಾ, ಹಳದಿಗೆ ತಿರುಗಿದ್ಯಾ?” ಕೆಂಪು ಅಂದರೆ ಮುಗಿಯಿತೇ? ಯಾವ ಕೆಂಪು, ಅಂಚಿನಲ್ಲೋ ನಡುವೆಯೋ, ಹೊಗೆ ಎಷ್ಟು ದಪ್ಪ. ಅಪ್ಪನ ಮೇಲೆ ಪ್ರೀತಿ ಬೇಕಾದಷ್ಟಿತ್ತು, ತಾಳ್ಮೆ ಮಾತ್ರ ಇರಲಿಲ್ಲ.

ಕಳೆದ ಚಳಿಗಾಲದ ಒಂದು ಸಂಜೆ ನಾನು ಬಂದಾಗ ಉತ್ತರದ ಬಾಯಿ ಚಿಮ್ಮುತ್ತಿತ್ತು. ಟಿವಿ ತುಂಬ ಬೆಂಕಿ. ಅಪ್ಪ ತಿಂಗಳಿಂದ ಕಾಯುತ್ತಿದ್ದದ್ದು ಇದಕ್ಕೇ. ಆದರೆ ಶುರು ಮಾಡಿದರೆ ಬೇಗ ಮುಗಿಯುವ ಮಾತಲ್ಲ. ನನ್ನ ಕಾಲು ಬಿದ್ದುಹೋಗುತ್ತಿದ್ದವು, ಅಡಿಗೆ ಇನ್ನೂ ಆಗಬೇಕಿತ್ತು.

“ಏನಾದ್ರೂ ಬಂತಾ?”

“ಏನೂ ಇಲ್ಲ ಅಪ್ಪ. ಬರೀ ಹೊಗೆ,” ಎಂದು ಟಿವಿ ಆರಿಸಿಬಿಟ್ಟೆ.

“ಹಾಗಾದ್ರೆ ನಾಳೆ ಬರತ್ತೆ,” ಎಂದು ಅಪ್ಪ ಊಟಕ್ಕೆದ್ದರು.

ಮರುದಿನ ಬಾಗಿಲು ತೆರೆದಾಗ ಅಪ್ಪ ಸ್ಪೀಕರ್ ಫೋನಿನಲ್ಲಿದ್ದರು. ಆ ಕಡೆ ರಾಬಿನ್ಸ್‌ವಿಲ್‌ನ ಅಂಕಲ್, ಅಪ್ಪನ ಜೊತೆ ಈ ಹುಚ್ಚು ಹಂಚಿಕೊಂಡ ಒಬ್ಬರೇ ಗೆಳೆಯರು. “ನಿನ್ನೆ ಸಂಜೆ ಏನ್ ಕಾರಂಜಿ ಸಾರ್! ನಿಮ್ಮ ಮಗಳು ಹೇಳಿರ್ಬೇಕಲ್ಲ?”

ಒಂದು ಕಾಲಿನ ಬೂಟು ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ಹೇಳ್ದೆ ಇರ್ತಾಳಾ?” ಅಂದರು ಅಪ್ಪ. “ಮೊದ್ಲು ಬಾಯಿ ತುಂಬಿ ಚೆಲ್ತಂತೆ. ಆಮೇಲೆ ಒಂದೇ ಸಲಕ್ಕೆ ಎದ್ದು ನಿಂತಿದೆ, ಬಿಳಿಹಳದಿ ಬಣ್ಣ. ಪಾಪ, ಅವಳಿಗೆ ನಿಂತ್ಕೊಳ್ಳೋಕೂ ಆಗ್ತಿರ್ಲಿಲ್ಲ. ಆದ್ರೂ ಪಕ್ಕದಲ್ಲೇ ಕೂತು ಒಂದೊಂದೂ ಹೇಳಿದ್ಲು.”