ಎರಡು ನಂಬರು ದಪ್ಪ

ತುಕ್ಕು ಹಿಡಿದ ತಂತಿಯನ್ನು ಅಳೆದರೆ ತಂತಿಯ ಜೊತೆ ತುಕ್ಕೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಗೆಳೆಯನ ಹೆಂಡತಿಗೆ ಮೊದಲ ದಿನವೇ ಹೇಳಿದ್ದೆ. ಹೇಳಿದ್ದೆ ಎಂದೇ ನೆನಪು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಮೈಸೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಓದುವಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಗೆಳೆಯ ಹುಣಸೂರಿನ ಹತ್ತಿರದ ತನ್ನೂರಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದ. ಪಿರಿಯಾಪಟ್ಟಣದ ಆಚೆ ಇಂಗ್ಲಿಷ್ ದೊರೆಯೊಬ್ಬ ಬಂಗಲೆ ಖಾಲಿ ಮಾಡಿದಾಗ ಅಲ್ಲಿದ್ದ ಹಳೆಯ ಗ್ರ್ಯಾಂಡ್ ಪಿಯಾನೋವನ್ನು ಇವನು ಲಾರಿಗೆ ಹುಲ್ಲು ಹಾಸಿ ಮನೆಗೆ ತಂದ. ತಂದದ್ದು ಹೆಂಡತಿಗಾಗಿ. ಆಕೆ ಮೈಸೂರಿನವರು. ಕಾನ್ವೆಂಟಿನಲ್ಲಿ ಪಿಯಾನೋ ಕಲಿತು, ಮದುವೆಯ ಮೇಲೆ ಮುಟ್ಟಿರಲಿಲ್ಲ.

"ಇದು ನುಡಿದರೆ ಈ ಊರಲ್ಲಿ ಹೇಗೋ ಇದ್ದುಬಿಡ್ತೀನಿ ಮೇಷ್ಟ್ರೇ" ಎಂದರು. ನಗುತ್ತಾ ಹೇಳಿದರೂ ಅದು ತಮಾಷೆಯಾಗಿರಲಿಲ್ಲ.

ತಂತಿಗಳನ್ನೆಲ್ಲ ಹೊಸದಾಗಿ ಹಾಕಬೇಕಿತ್ತು. ಯಾವ ಸ್ವರಕ್ಕೆ ಎಷ್ಟು ದಪ್ಪದ ತಂತಿ ಎಂದು ಗೊತ್ತುಮಾಡುವುದು ನನ್ನ ಪಾಲಿನ ಕೆಲಸ. ಅಂಗಡಿಯಲ್ಲಿ ಒಂದೊಂದು ದಪ್ಪಕ್ಕೆ ಒಂದೊಂದು ನಂಬರು. ಕೂದಲಿನ ದಪ್ಪವನ್ನೂ ಅಳೆಯಬಲ್ಲ ಲ್ಯಾಬಿನ ಸ್ಕ್ರೂಗೇಜ್ ಕೇಳಿ ತಂದಿದ್ದೆ. ತುಕ್ಕಿಲ್ಲದ ಜಾಗ ಹುಡುಕಿ ಹಿಡಿಯುವುದು, ಆಕೆ ಓದುವುದು, ನಾನು ಇನ್ನೊಮ್ಮೆ ಓದುವುದು. ದಪ್ಪ ಎಡದಿಂದ ಬಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ನಡುವೆ ಒಂದು ತಂತಿ ಅಕ್ಕಪಕ್ಕದವಕ್ಕಿಂತ ದಪ್ಪವಾಗಿ ಸಿಕ್ಕರೆ, ಅದನ್ನು ಯಾರೋ ಆಮೇಲೆ ಕೈಗೆ ಸಿಕ್ಕಿದ್ದನ್ನು ತಂದು ಕಟ್ಟಿದ್ದಾರೆ ಎಂದು ಅರ್ಥ. ಅದನ್ನು ಬಿಟ್ಟು ಅಕ್ಕಪಕ್ಕದವನ್ನು ನಂಬಬೇಕು. ಆಕೆ ಬೇಗ ಕಲಿತರು. ಎರಡನೇ ಭಾನುವಾರದ ಹೊತ್ತಿಗೆ ನಾನು ತಪ್ಪು ಓದಿದರೆ ತಿದ್ದುತ್ತಿದ್ದರು.

ಗೆಳೆಯ ಬಾಗಿಲಿಗೆ ಒರಗಿ ನೋಡುತ್ತಿದ್ದ. "ಈ ಕೂದಲಂತದ್ದು ಏನ್ ತಡೀತದ್ಲಾ ಸೈಂಟಿಸ್ಟು? ನಮ್ಮ ಬ್ಯಾರನ್‌ಗೆ ತಂತಿ ಕಟ್ಟಬೇಕಾದ್ರೂ ಒಂದು ಕೈ ದಪ್ಪದ್ದೇ ನೋಡಿ ತತ್ತೀವಿ. ಬಾಳಿಕೆ ಬತ್ತದೆ." ಬ್ಯಾರನ್ ಎಂದರೆ ಹೊಗೆಸೊಪ್ಪು ಹದ ಮಾಡುವ ಮನೆ; ಅಲ್ಲಿ ಅದು ಸರಿಯೇ.

"ಇದು ಬ್ಯಾರನ್ ಅಲ್ಲ" ಎಂದೆ. ದಪ್ಪ ತಂತಿಯನ್ನು ಅದೇ ಸ್ವರಕ್ಕೆ ತರಲು ಹೆಚ್ಚು ಬಿಗಿಯಬೇಕು. ಅಷ್ಟೂ ತಂತಿಗಳ ಎಳೆತವನ್ನು ತಡೆಯುವುದು ಒಂದೇ ಎರಕದ ಕಬ್ಬಿಣದ ಚೌಕಟ್ಟು. ಹಳೆಯ ಎರಕ ಬಗ್ಗುವುದಿಲ್ಲ, ಸೀಳುತ್ತದೆ ಎಂದು ವಿವರಿಸಿದೆ. ಅವನು ತಲೆಯಾಡಿಸಿದ. ತಂತಿ ತರಲು ಬೆಂಗಳೂರಿಗೆ ಅವನೇ ಹೋದ. ನಾನು ಪರೀಕ್ಷೆಯ ಪತ್ರಿಕೆ ತಿದ್ದುತ್ತಾ ಮೈಸೂರಿನಲ್ಲೇ ಉಳಿದೆ. ಇಗರ್ಜಿಗಳ ಪಿಯಾನೋ ರಿಪೇರಿ ಮಾಡುತ್ತಿದ್ದ ಒಬ್ಬರು ಬಂದು, ಕೊಟ್ಟ ತಂತಿ ಕಟ್ಟಿ, ಸ್ವರಕ್ಕೆ ಏರಿಸತೊಡಗಿದರಂತೆ.

ಚೌಕಟ್ಟು ಸೀಳಿತು. ಸದ್ದು ಹಟ್ಟಿಯವರೆಗೆ ಕೇಳಿಸಿತಂತೆ.

ಸುದ್ದಿ ತಿಳಿದು ಮುಂದಿನ ಭಾನುವಾರವೇ ಹೋದೆ. ಆಕೆ ಪಿಯಾನೋದ ಮುಂದೆ ಕುಳಿತಿದ್ದರು, ಮುಚ್ಚಳ ತೆರೆದೇ ಇತ್ತು. ಕಾಫಿ ಕೊಡಲಿಲ್ಲ.

"ನೀವು ಹೇಳಿದ ದಪ್ಪನೇ ಹಾಕಿದ್ದಂತೆ" ಎಂದರು.

ಗೆಳೆಯ ನನ್ನ ಮುಖ ನೋಡದೆ, "ಅವನು ಯೋಳಿದ್ದನ್ನೇ ತಂದೆ ಕಣಮ್ಮಿ" ಎಂದ.

ನಾನು ಚೀಲದಿಂದ ಸ್ಕ್ರೂಗೇಜ್ ತೆಗೆದು ನಡುಭಾಗದ ಒಂದು ಹೊಸ ತಂತಿಗೆ ಹಿಡಿದೆ. ಎರಡು ನಂಬರು ದಪ್ಪ. ಆ ಸ್ವರದ ಹಳೆಯ ತಂತಿಯನ್ನು ಆಕೆಯೇ ಓದಿದ್ದರು, ನನಗಿಂತ ಮೊದಲು. ಉಪಕರಣವನ್ನು ಅವರ ಕೈಗೆ ಕೊಟ್ಟೆ. ಬೆಳಕಿಗೆ ತಿರುಗಿಸಿ ಓದಿದರು. ಗಂಡನ ಕಡೆ ನೋಡಿದರು. ಇನ್ನೊಮ್ಮೆ ಓದಿದರು.

"ಆವತ್ತು ಹಳೇ ತಂತೀನೂ ಇಷ್ಟೇ ಇತ್ತು" ಎಂದು ವಾಪಸು ಕೊಟ್ಟರು.

ಗೆಳೆಯ ಜೀಪಿನಲ್ಲಿ ಹುಣಸೂರಿನ ಬಸ್ ಸ್ಟ್ಯಾಂಡಿಗೆ ಬಿಟ್ಟ. ಲಕ್ಷ್ಮಣತೀರ್ಥದ ಸೇತುವೆ ದಾಟುವಾಗ ಬಾಯಿಬಿಟ್ಟ. "ದಪ್ಪದ್ದೇ ತಂದೆ ಕಣ್ಲಾ. ಒಂದು ತಂತಿ ಕಿತ್ತೋದ್ರೂ ಅವಳು ಅಳ್ತಿದ್ಲು. ನೀನು ಬಸ್ ಹತ್ಕಂಡು ಹೋಯ್ತೀಯ. ನಾನು ಈ ಮನೇಲಿ ಬಾಳಬೇಕು. ಬುಡು."

ಹೀಗೆ ಅವನು ಅಂದನೇ, ಅಥವಾ ಅನ್ನಲಿ ಎಂದು ನಾನು ಬಯಸಿದ್ದೇ ಮಾತಾಗಿ ಉಳಿದಿದೆಯೇ, ಈಗ ಖಚಿತವಾಗಿ ಹೇಳಲಾರೆ. ಅಂಗಡಿಯಲ್ಲಿ ಸಿಗದಿದ್ದರೆ ಹತ್ತಿರದ ನಂಬರು ತಾ ಎಂದು ನಾನೇ ಎಂದಾದರೂ ಹೇಳಿದ್ದಿರಬಹುದೇ ಎಂದೂ ಹುಡುಕಿದ್ದೇನೆ. ಅವನ ಮಾತನ್ನು ಬೇಕಾದರೆ ಅನುಮಾನಕ್ಕೆ ಬಿಟ್ಟುಬಿಡಬಲ್ಲೆ. ಬೆಳಕಿಗೆ ತಿರುಗಿಸಿ ಎರಡು ಸಲ ಓದಿದ ಆ ಕೈಗಳನ್ನು ಬಿಡಲಾಗಿಲ್ಲ.

ಬಸ್ಸು ಬಿಳಿಕೆರೆ ದಾಟಿದ ಮೇಲೆ ಸ್ಕ್ರೂಗೇಜನ್ನು ಪೂರ್ತಿ ಮುಚ್ಚಿ, ಅದು ಸೊನ್ನೆಗೆ ಸರಿಯಾಗಿ ಬರುತ್ತದೆಯೇ ಎಂದು ನೋಡಿದೆ; ಬರದಿದ್ದರೆ ಓದಿದ್ದೆಲ್ಲ ತಪ್ಪು. ಬಂತು. ಪಕ್ಕದ ಸೀಟಿನವರಿಗೂ ತೋರಿಸಿ, ಗೆರೆ ಸರಿಯಾಗಿ ಕೂತಿದೆಯೇ ಎಂದು ಕೇಳಿದೆ. ಕೂತಿದೆ ಎಂದರು. ಅವರದು ಕನ್ನಡಕ ಬೇಕಿಲ್ಲದ ಕಣ್ಣು.