ತೇರ್ಸ್ ಮುಗಿಯುವ ತನಕ

ಬೆಳಿಗ್ಗೆ ಕಾಪುವಿನಲ್ಲಿ ಬಸ್ಸು ಹತ್ತಿ, ಉಡುಪಿಯಲ್ಲಿ ಇನ್ನೊಂದು ಬಸ್ಸು ಹಿಡಿದು, ಮಣಿಪಾಲಕ್ಕೆ ಹೋಗಿ ಜನರನ್ನು ಕೊಲ್ಲುವುದು ನನ್ನ ಉದ್ಯೋಗ. ಮೊದಲು ವಾರಪತ್ರಿಕೆಗಳಿಗೆ ದೆವ್ವದ ಕತೆ ಬರೆಯುತ್ತಿದ್ದೆ, ಈಗ ವಿಡಿಯೋ ಗೇಮುಗಳಿಗೆ ಬರೆಯುತ್ತೇನೆ. ಕತೆಯಲ್ಲಿ ಒಬ್ಬನನ್ನು ಒಮ್ಮೆ ಸಾಯಿಸಿದರೆ ಮುಗಿಯಿತು. ಗೇಮಿನಲ್ಲಿ ಹಾಗಲ್ಲ. ಆಡುವವನು ಕಿಟಕಿಯಿಂದ ಹಾರಿದರೆ ಒಂದು ಸಾವು, ಬಾವಿಕಟ್ಟೆಯ ಹತ್ತಿರ ಸಿಕ್ಕಿಬಿದ್ದರೆ ಇನ್ನೊಂದು, ಅಟ್ಟದಲ್ಲಿ ಅಡಗಿದ್ದಾಗ ಕೆಮ್ಮಿದರೆ ಮತ್ತೊಂದು. ಅಷ್ಟನ್ನೂ ಬೇರೆ ಬೇರೆಯಾಗಿಯೇ ಬರೆಯಬೇಕು. ಏಟು ಎಲ್ಲಿಂದ ಬೀಳುತ್ತದೆ, ಮೊದಲು ಮುರಿಯುವುದು ಯಾವುದು, ಸಾಯುವವನು ಕೂಗುತ್ತಾನೋ ಅಥವಾ ಕೂಗುವುದಕ್ಕೆ ಉಸಿರೇ ಉಳಿದಿಲ್ಲವೋ, ಎಲ್ಲ ಹೇಳಬೇಕು.

ಕಚೇರಿಯಲ್ಲಿ ಇದನ್ನೆಲ್ಲ ನಾವು ಬನ್ಸ್ ತಿನ್ನುತ್ತಾ ಮಾತಾಡುತ್ತೇವೆ. ಹೆಜಮಾಡಿಯ ಮೀನಿನ ಬೋಟಿನಲ್ಲಿ ನಡೆಯುವ ಗೇಮೊಂದನ್ನು ಬರೆಯುತ್ತಿದ್ದಾಗ, ಬಲೆ ಎಳೆಯುವ ಯಂತ್ರಕ್ಕೆ ತೋಳು ಸಿಕ್ಕಿದರೆ ಕಿತ್ತು ಬರುವುದು ಭುಜದಿಂದಲೋ ಮೊಣಕೈಯಿಂದಲೋ ಎಂದು ಮಧ್ಯಾಹ್ನವಿಡೀ ಜಗಳವಾಡಿದ್ದೆವು. ಭುಜದಿಂದ ಎಂದು ನಾನು ಹಟ ಹಿಡಿದು ಗೆದ್ದೆ. ಒಮ್ಮೆ ಬಸ್ಸಿನಲ್ಲಿ ಫೋನು ಬಂದಾಗ, "ಮುದುಕಿಯನ್ನು ಈಗಲೇ ಸಾಯಿಸುವುದು ಬೇಡ, ಮೊದಲು ಮಗನ ಕುತ್ತಿಗೆ ಆಗಲಿ" ಎಂದುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ಮೀನಿನ ಬುಟ್ಟಿ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. ಎರ್ಮಾಳಿನವಳಿರಬೇಕು. ಆಮೇಲೆ ಎಷ್ಟೋ ಸಲ ಅದೇ ಬಸ್ಸಿನಲ್ಲಿ ಸಿಕ್ಕಿದ್ದಾಳೆ, ನನ್ನ ಹತ್ತಿರ ಮಾತ್ರ ಕೂತಿಲ್ಲ.

"ಹೆಂಗಸಾಗಿ ಇಷ್ಟು ರಕ್ತ ಎಲ್ಲಿಂದ ತರುತ್ತೀರಿ?" ಎಂದು ಸಾಹಿತ್ಯದ ಸಭೆಗಳಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಕಲ್ಪನೆ ಎನ್ನುತ್ತೇನೆ. ಶುದ್ಧ ಸುಳ್ಳು. ನಾನು ಕಲಿತದ್ದು ಮನೆಯಲ್ಲಿ.

ಪಪ್ಪ ಕಾರ್ಕಳದ ಕಲ್ಲುಕೋರೆಯಲ್ಲಿ ಮೇಸ್ತ್ರಿಯಾಗಿದ್ದ. ಅವನಿಗೆ ಬಹುವಚನ ಕೊಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು, ಓದುವವರು ಬೇಸರ ಮಾಡಿಕೊಳ್ಳಬಾರದು. ಸಂಜೆಯ ಬಸ್ಸಿಳಿದು, ಗಡಂಗಿನಲ್ಲಿ ಕುಡಿದು ಮನೆಗೆ ಬರುತ್ತಿದ್ದ. ದಿನವಿಡೀ ಕಲ್ಲು ಎತ್ತಿಸಿ, ಒಡೆಸಿ ಗಟ್ಟಿಯಾದ ಕೈ ಅದು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮಮ್ಮಿಯ ಜಡೆ ಹಿಡಿದು ತಲೆಯನ್ನು ಅಡುಗೆಮನೆಯ ಗೋಡೆಗೆ ಬಡಿದದ್ದನ್ನು ನಾನು ನೋಡಿದ್ದೇನೆ. ಬೆಲ್ಟಿನ ಬಕಲು ತಾಗಿ ಅವಳ ಬೆನ್ನಿನ ಚರ್ಮ ಸುಲಿದದ್ದನ್ನು ನೋಡಿದ್ದೇನೆ. ಬಿದ್ದವಳ ಹೊಟ್ಟೆಗೆ ಒದೆಯುವಾಗ ಅವನು ಬಾಗಿಲ ಚೌಕಟ್ಟನ್ನು ಆಧಾರಕ್ಕೆ ಹಿಡಿದುಕೊಳ್ಳುತ್ತಿದ್ದ, ಜಾರಬಾರದಲ್ಲ. ಅಡ್ಡ ಬಂದ ಅಣ್ಣನ ಕೈ ಒಮ್ಮೆ ಮುರಿದಿತ್ತು. ಆಸ್ಪತ್ರೆಯಲ್ಲಿ ತೆಂಗಿನಮರದಿಂದ ಬಿದ್ದ ಎಂದು ಹೇಳಿದರು. ಅವನಿಗೆ ಮರ ಹತ್ತಲಿಕ್ಕೇ ಬರುತ್ತಿರಲಿಲ್ಲ.

ಇಷ್ಟೆಲ್ಲದರ ನಡುವೆ ಅವನು ಕೈ ಎತ್ತದ ಹೊತ್ತು ಒಂದಿತ್ತು. ಅದು ತೇರ್ಸಿನ ಹೊತ್ತು. ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆ ದೇವರ ಪೀಠದ ಮುಂದೆ ಎಲ್ಲರೂ ಮೊಣಕಾಲೂರಿ, ಜಪಸರ ಹಿಡಿದು ಹೇಳುವ ಪ್ರಾರ್ಥನೆಗೆ ತೇರ್ಸ್ ಎನ್ನುತ್ತಾರೆ. ಕುಡಿದು ಬಂದರೂ ಪಪ್ಪ ಪ್ರಾರ್ಥನೆಯಲ್ಲಿದ್ದವರನ್ನು ಮುಟ್ಟುತ್ತಿರಲಿಲ್ಲ. ಬೆಲ್ಟು ಬಿಚ್ಚಿ ಕೈಗೆ ಸುತ್ತಿಕೊಂಡು ಬಾಗಿಲಲ್ಲಿ ನಿಂತು ಕಾಯುತ್ತಿದ್ದ. ಅದು ಮಮ್ಮಿಗೆ ಗೊತ್ತಿತ್ತು. ಅದಕ್ಕೇ ಅವಳು ತೇರ್ಸನ್ನು ಮುಗಿಯಗೊಡುತ್ತಿರಲಿಲ್ಲ. ತೀರಿಕೊಂಡ ಅಜ್ಜ ಅಜ್ಜಿಗೆ ಒಂದು ಪ್ರಾರ್ಥನೆ, ಸಮುದ್ರದಲ್ಲಿ ಮುಳುಗಿದವರಿಗೆ ಒಂದು, ಗಲ್ಫಿಗೆ ಹೋದವರಿಗೆ ಒಂದು, ಯಾರೂ ನೆನೆಯುವವರಿಲ್ಲದ ಆತ್ಮಗಳಿಗೆ ಒಂದು, ಪಕ್ಕದ ಮನೆಯ ಬಾಣಂತಿಗೆ ಒಂದು. ಅಷ್ಟರಲ್ಲಿ ಪಪ್ಪ ಕುರ್ಚಿಯಲ್ಲಿ ಕುಸಿದು ಗೊರಕೆ ಹೊಡೆದರೆ ನಾವು ಬಚಾವು. ಹೊಡೆಯದಿದ್ದರೆ, ಕೊನೆಗೆ ಶಿಲುಬೆಯ ಗುರುತು ಹಾಕಿ, ಮಕ್ಕಳೆಲ್ಲ ಪದ್ಧತಿಯಂತೆ ಕೈಮುಗಿದು ಅವನ ಮುಂದೆ ನಿಂತು ಆಶೀರ್ವಾದ ಕೇಳುತ್ತಿದ್ದೆವು. ಬೆಲ್ಟು ಸುತ್ತಿದ ಕೈಯನ್ನೇ ಎತ್ತಿ ಆಶೀರ್ವಾದ ಮಾಡುತ್ತಿದ್ದ. ಆಮೇಲೆ ಅದೇ ಕೈ ಮಮ್ಮಿಯ ಮೇಲೆ ಬೀಳುತ್ತಿತ್ತು.

ಕೆಲವು ವರ್ಷಗಳ ಹಿಂದೆ ಅವನು ಯಕೃತ್ತು ಕೆಟ್ಟು ಸತ್ತ. ಮಣ್ಣು ಮಾಡುವ ದಿನ ಇಗರ್ಜಿಯಲ್ಲಿ ಒಬ್ಬರಾದ ಮೇಲೊಬ್ಬರು ಬಂದು, ಶ್ರಮಜೀವಿ, ದೈವಭಕ್ತ ಎಂದೆಲ್ಲ ಹೊಗಳಿದರು. ಮಮ್ಮಿ ತಲೆಯಾಡಿಸಿದಳು. ಆ ತಲೆಯಾಡಿಸುವಿಕೆ ನನಗೆ ಇವತ್ತಿಗೂ ಸಹಿಸಲಿಕ್ಕಾಗುವುದಿಲ್ಲ. ಅವತ್ತಿನಿಂದ ನನಗೆ ಬೇಕಾಗಿದ್ದದ್ದು ಒಂದೇ. ಅವನು ಹೊಡೆಯುತ್ತಿದ್ದ ಎಂದು ಅವಳ ಬಾಯಿಂದ ಒಮ್ಮೆ ಬರಬೇಕು. ನಾನು ಕೆದಕಿದಾಗಲೆಲ್ಲ ಅವಳದ್ದು ಒಂದೇ ಉತ್ತರ: "ಅವರಿಗೆ ಸಿಟ್ಟು ಸ್ವಲ್ಪ ಜಾಸ್ತಿ ಇತ್ತು, ಅಷ್ಟೇ." ಆ 'ಅಷ್ಟೇ' ಕೇಳಿದಾಗ ನನಗೆ ಪಾತ್ರೆ ಎತ್ತಿ ಎಸೆಯಬೇಕೆನಿಸುತ್ತಿತ್ತು. ಒಂದೆರಡು ಸಲ ಎಸೆದದ್ದೂ ಉಂಟು.

ಹೊಸ ಗೇಮಿಗೆ ಕತೆ ಕೇಳಿದಾಗ ನಾನು ಅದನ್ನೇ ಕೊಟ್ಟೆ. ಒಂದು ಮನೆ, ಒಬ್ಬ ಹೆಂಗಸು, ಕರಿಗಲ್ಲಿನ ಮೈಯ ಒಂದು ರಾಕ್ಷಸ. ಅವಳು ಪ್ರಾರ್ಥಿಸುವ ತನಕ ಅದು ಹೊಸ್ತಿಲು ದಾಟುವುದಿಲ್ಲ. ಪ್ರಾರ್ಥನೆ ಮುಗಿದರೆ ಒಳಗೆ ಬಂದು ಬೆನ್ನುಮೂಳೆ ಮುರಿಯುತ್ತದೆ. ಆಡುವವರು ಹೊಸ ಹೊಸ ಹೆಸರುಗಳನ್ನು ನೆನಪಿಸಿಕೊಂಡು ಪ್ರಾರ್ಥನೆಯನ್ನು ಬೆಳೆಸುತ್ತಲೇ ಇರಬೇಕು. ಮಾಲೀಕರಿಗೆ ಹಿಡಿಸಿತು. ಅದು ಯಾರ ಮನೆ ಎಂದು ನಾನು ಹೇಳಲಿಲ್ಲ.

ಪರೀಕ್ಷೆಗೆಂದು ಆಡಲು ಬಂದ ಹೊರಗಿನ ಹುಡುಗರು ಪ್ರಾರ್ಥನೆಯನ್ನು ಗಡಿಬಿಡಿಯಲ್ಲಿ ಮುಗಿಸಿ, ಕತ್ತಿ ಹುಡುಕಲು ಎದ್ದು ಓಡಿದರು. ಮನೆಯಲ್ಲಿ ನಾನು ಕತ್ತಿ ಇಟ್ಟೇ ಇರಲಿಲ್ಲ. ರಾಕ್ಷಸ ಅವರನ್ನು ಒಬ್ಬೊಬ್ಬರನ್ನಾಗಿ ಗೋಡೆಗೆ ಅಪ್ಪಳಿಸಿತು, ಅವರು ನಗುತ್ತಾ ಮತ್ತೆ ಶುರುಮಾಡಿದರು. ಆದರೆ ನಮ್ಮ ಕಚೇರಿಯ ಸಂಬಳ ನೋಡಿಕೊಳ್ಳುವ ಕ್ರೈಸ್ತ ಹೆಂಗಸು ಕೂತಳು ನೋಡಿ, ಏಳಲೇ ಇಲ್ಲ. ಯಾರೂ ಹೇಳಿಕೊಡದೆ ಹೆಸರಿನ ಮೇಲೆ ಹೆಸರು ಸೇರಿಸುತ್ತಾ ಹೋದಳು. ಚಹಾ ತಣ್ಣಗಾಯಿತು. ಕೊನೆಗೆ ಪರದೆಯಿಂದ ಕಣ್ಣು ತೆಗೆಯದೆ, "ಇದು ನಮ್ಮ ಮನೆ ಮಾರಾಯ್ತಿ" ಎಂದಳು.

ಪ್ರಾರ್ಥನೆಗೆ ಒಂದು ಸ್ವರ ಬೇಕಿತ್ತು. ನಾಟಕದ ನಟಿಯೊಬ್ಬಳನ್ನು ಕರೆಸಿದೆವು. ಚೆನ್ನಾಗಿ ಅತ್ತಳು, ಬೇಡವಾಗಿದ್ದದ್ದೇ ಅದು. ತೇರ್ಸಿನಲ್ಲಿ ಯಾರೂ ಅಳುವುದಿಲ್ಲ. ಆಗ ಮಮ್ಮಿಯನ್ನು ಕರೆತರುತ್ತೇನೆ ಎಂದೆ. ಕೆಲಸಕ್ಕಾಗಿ ಮಾತ್ರ ಕರೆದದ್ದಲ್ಲ. ರಾಕ್ಷಸನಿಗೆ ಪಪ್ಪನ ನಡಿಗೆಯನ್ನೇ ಕೊಟ್ಟಿದ್ದೆ, ಆ ಹೆಜ್ಜೆಯ ಸದ್ದು ಕೇಳಿದರೆ ಬಾಯಿ ಬಿಟ್ಟಾಳು ಎಂಬ ಆಸೆ ನನಗಿತ್ತು. ಕ್ರೂರ ಆಸೆ, ಗೊತ್ತು. ಭಾನುವಾರದ ಪೂಜೆಗೆ ಉಡುವ ಸೀರೆ ಉಟ್ಟು ಹೊರಟಳು. "ದೆವ್ವದ ಆಟಕ್ಕೆ ದೇವರ ಪ್ರಾರ್ಥನೆ ಎಂತಕ್ಕೆ?" ಎಂದು ದಾರಿಯಲ್ಲಿ ಕೇಳಿದಳು. ದೆವ್ವ ಒಳಗೆ ಬಾರದ ಹಾಗೆ, ಎಂದೆ. "ಹಾಗಾದರೆ ಅಡ್ಡಿಯಿಲ್ಲ" ಎಂದಳು.

ಧ್ವನಿ ಎಂಜಿನಿಯರ್ ಕಾರ್ಕಳದವನು, ಮಿತಭಾಷಿ. ಮನೆಯಲ್ಲಿ ತುಳು, ಕೊಂಕಣಿ ಬಾರದು, ಕಚೇರಿಯ ರೂಢಿಯಂತೆ ಮಮ್ಮಿಯ ಹತ್ತಿರವೂ ಕನ್ನಡದಲ್ಲೇ ಮಾತಾಡಿದ. ಗಾಜಿನ ಕೋಣೆಯಲ್ಲಿ ಅವಳನ್ನು ಕೂರಿಸಿ, ಹೆಡ್‌ಫೋನು ಹಾಕಿ, "ಆಂಟಿ, ನೀವು ಹೇಳುತ್ತಾ ಇರಿ. ಮಧ್ಯದಲ್ಲಿ ಒಂದು ಹೆಜ್ಜೆ ಸದ್ದು ಬರ್ತದೆ. ಅದು ಹತ್ತಿರ ಬಂದ ಹಾಗೆ ಸ್ವಲ್ಪ ಹೆದರಿ, ಆಯ್ತಾ?" ಎಂದ. ಮೈಕಿಗೆ ತೊಂದರೆಯಾಗದ ಹಾಗೆ ಅವಳು ಬಳೆಗಳನ್ನು ಬಿಚ್ಚಿ ಮಡಿಲಲ್ಲಿಟ್ಟು ಶುರುಮಾಡಿದಳು.

ಹೊರಗೆ ನಮ್ಮ ಸ್ಪೀಕರಿನಲ್ಲಿ ಹೆಜ್ಜೆಗಳು ಕೇಳಿಬಂದವು. ಅವುಗಳ ತೂಕ, ನಿಂತು ನಿಂತು ಬರುವ ರೀತಿ, ಎಲ್ಲ ನಾನೇ ಕೂತು ಎಂಜಿನಿಯರನಿಂದ ಮಾಡಿಸಿದ್ದು. ಕೋರೆಯ ಕಲ್ಲಿನ ಮೇಲೆ ಬೂಟು ಹಾಕಿ ನಡೆದು ಹಿಡಿದ ಸದ್ದು. ಅದನ್ನು ಬಲಗಡೆಗೆ ಮಾತ್ರ ಹಾಕಿದ್ದೆವು. ಹತ್ತಿರ ಬಂತು, ಬಾಗಿಲಿಗೆ ಬಂತು, ನಿಂತಿತು. ಮಮ್ಮಿ ಮಾತ್ರ ಏನೂ ಆಗದವಳಂತೆ ಹೇಳುತ್ತಲೇ ಇದ್ದಳು. ಸ್ವರ ಒಂದಿಷ್ಟೂ ಅಲುಗಲಿಲ್ಲ.

ಎಂಜಿನಿಯರ್ ಸದ್ದು ಏರಿಸಿದ. ಮತ್ತೆ ಅದೇ. ಹೆಡ್‌ಫೋನು ಹಾಳಾಗಿದೆ ಎಂದುಕೊಂಡು ಬೇರೆಯದನ್ನು ತಂದು ಹಾಕಿದ. ಅದರಲ್ಲೂ ಅವಳು ಅಲುಗಲಿಲ್ಲ. ಅವನು ವಯರು ಕಿತ್ತು, ಊದಿ, ಮತ್ತೆ ಸಿಕ್ಕಿಸಿ, ಬೆವರು ಒರೆಸಿಕೊಂಡ. "ಸಾರಿ ಆಂಟಿ, ಈ ಮೆಷಿನ್ನಿಗೆ ಇವತ್ತು ಎಂತ ಆಗಿದೆಯೋ. ನಿಮಗೆ ಸುಮ್ಮನೆ ತೊಂದರೆ." ನಾನು ಬಾಗಿಲ ಹತ್ತಿರ ಹೋಗಿ ನಿಂತೆ.

ಅವನು ತನ್ನನ್ನೇ ಬೈದುಕೊಳ್ಳುವುದನ್ನು ಮಮ್ಮಿ ಸ್ವಲ್ಪ ಹೊತ್ತು ನೋಡಿದಳು. ಅವಳಿಗೆ ಪಾಪ ಅನಿಸಿತು.

"ನಿಮ್ಮ ಮೆಷಿನ್ ಸರಿ ಉಂಟು ಮಗಾ" ಎಂದಳು, ನಿಧಾನದ, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ. "ನನ್ನ ಈ ಬಲದ ಕಿವಿ ಕೇಳುವುದಿಲ್ಲ. ನನ್ನ ಗಂಡ ಹೊಡೆದು ಹೋದದ್ದು."

ಆ ಕಿವಿ ಮಂದ ಎಂದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಕಿವಿ ಸೋರಿ ಹಾಗಾಯಿತು ಎಂದು ಅವಳೇ ಹೇಳಿದ್ದಳು. ನಾನು ವರ್ಷಗಟ್ಟಲೆ ಕಾದ ಮಾತು ಕೊನೆಗೂ ಬಂದಿತ್ತು, ಅದೂ ನನಗಲ್ಲ, ನಮ್ಮ ಭಾಷೆಯಲ್ಲೂ ಅಲ್ಲ, ಪರಿಚಯವೇ ಇಲ್ಲದ ಒಬ್ಬನಿಗೆ, ಅವನ ಯಂತ್ರದ ಮೇಲಿನ ದೂರು ತಪ್ಪಿಸಲಿಕ್ಕೆ. ಬಂದಾಗ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಸತ್ತವನನ್ನು ಮಣ್ಣಿನಿಂದ ಎಳೆದು ತಂದು ಇನ್ನೊಮ್ಮೆ ನನ್ನ ಕೈಯಾರೆ ಕೊಲ್ಲಬೇಕೆನ್ನುವಷ್ಟು ಸಿಟ್ಟು ಬಂತು.

"ಯಾವಾಗ?" ಎಂದು ಕೊಂಕಣಿಯಲ್ಲಿ ಕೇಳಿದೆ.

ಅವಳು ಬಳೆಗಳನ್ನು ಮಡಿಲಲ್ಲಿ ಸರಿಪಡಿಸಿಕೊಂಡಳು. "ಅವತ್ತು ತೇರ್ಸ್ ಬೇಗ ಮುಗಿಸಿದ್ದೆ" ಎಂದಳು. "ಮರುದಿನ ನಿನಗೆ ಪರೀಕ್ಷೆ ಇತ್ತು, ಓದಲಿಕ್ಕಿತ್ತು."

ನಾನು ಏನಾದರೂ ಹೇಳುವ ಮೊದಲೇ ಎಂಜಿನಿಯರನ ಕಡೆ ತಿರುಗಿ, ಎಡಗಿವಿಯನ್ನು ಮುಟ್ಟಿ ತೋರಿಸಿದಳು. "ಈಚೆಗೆ ಹಾಕಿ. ಈಗ ಹೇಳುತ್ತೇನೆ." ಅವನು ಹೆಜ್ಜೆಗಳನ್ನು ಎಡಕ್ಕೆ ಹಾಕಿದ. ಮಮ್ಮಿ ಕಣ್ಣು ಮುಚ್ಚಿದಳು. ಹೆಜ್ಜೆ ಬಾಗಿಲಿಗೆ ಬಂದು ನಿಂತ ಕೂಡಲೇ, ಯಾರೂ ಹೇಳದೆ, ಅವಳು ಸತ್ತವರ ಹೆಸರುಗಳನ್ನು ಒಂದೊಂದಾಗಿ ಪ್ರಾರ್ಥನೆಗೆ ಸೇರಿಸತೊಡಗಿದಳು. ನಮಗೆ ಬೇಕಾದಷ್ಟು ಸಿಕ್ಕಿ ಬಹಳ ಹೊತ್ತಾಗಿತ್ತು. ನಿಲ್ಲಿಸಿ ಎನ್ನುವುದಕ್ಕೆ ನಮ್ಮಿಬ್ಬರಿಗೂ ಧೈರ್ಯವಾಗಲಿಲ್ಲ.