ಹೂವು ಬಿದ್ದ ಕಣ್ಣಿನ ಮಂತ್ರವಾದಿ

ಆ ಸಿನಿಮಾದ ಮಂತ್ರವಾದಿ ಒಳ್ಳೆಯವನೆಂದು ನನಗೆ ಗೊತ್ತಿತ್ತು, ಕಮಲ. ಗೊತ್ತಿದ್ದೂ ಅವನನ್ನು ಕೆಟ್ಟವನನ್ನಾಗಿ ಮಾಡಿದೆ. ಇಂಗ್ಲಿಷ್ ಸರಿಯಾಗಿ ತಿಳಿಯದೆ ಕಥೆ ತಪ್ಪಿ ಹೋಯಿತು ಅಂತ ಇಷ್ಟು ವರ್ಷ ಕೇಳಿದವರಿಗೆಲ್ಲ ಹೇಳಿಕೊಂಡು ಬಂದೆನಲ್ಲ — ಅದು ಹಸಿ ಸುಳ್ಳು.

ಇದನ್ನು ಬರೆಯುವಂತೆ ಮಾಡಿದವರು ಮಧುಗಿರಿಯ ಕೆಲವು ಹುಡುಗರು. ಹಳೆಯ ಸಿನಿಮಾ ಹುಡುಕಿ ತಂದು, ಕನ್ನಡದಲ್ಲಿ ಅಡಿಬರಹ ಹಾಕಿ ತೋರಿಸುವುದು ಅವರ ಹುಚ್ಚು. ಬಡವನಹಳ್ಳಿಯ ಸಿನಿಮಾ ಟೆಂಟಿನಲ್ಲಿ ನಾವು ನೋಡಿದ ಆ ಡ್ರ್ಯಾಗನ್ ಸಿನಿಮಾವೂ ಅವರ ಕೈಗೆ ಸಿಕ್ಕಿದೆ. ಅಂದು ಟೆಂಟಿನಲ್ಲಿ ಕಥೆ ಹೇಳುತ್ತಿದ್ದವನು ನಾನೇ ಎಂದು ಯಾರೋ ಹೇಳಿದ್ದಾರೆ. ಮೆಚ್ಚಿ ನಾಲ್ಕು ಸಾಲು ಬರೆದುಕೊಡಿ ಸಾರ್, ಆಟಕ್ಕೆ ಮೊದಲು ಮೈಕಿನಲ್ಲೂ ಓದಿ ಎಂದು ಮನೆಗೆ ಬಂದರು. ಬಂದವರು ಫೋನಿನಲ್ಲಿ ಒಂದು ತುಣುಕು ತೋರಿಸಿ, ಡ್ರ್ಯಾಗನ್ ಬರೀ ಗೊಂಬೆ ಅಂತ ಗೊತ್ತಾಗಿಬಿಡ್ತದೆ ಎಂದು ಹಲ್ಲು ಕಿರಿದರು. ನನಗೆ ಮೈ ಉರಿಯಿತು.

ಗೊಂಬೆಯೇ. ಯಾರು ಇಲ್ಲ ಅಂದರು? ಆದರೆ ಅದು ಉಸಿರು ಬಿಟ್ಟಾಗ ಗುಹೆಯ ಬಾಯಲ್ಲಿದ್ದ ಒಣಹುಲ್ಲು ನಿಜವಾಗಿ ಅಲುಗುತ್ತಿತ್ತು. ಅದರ ರೆಕ್ಕೆ ಗೋಡೆಗೆ ಉಜ್ಜಿದರೆ ಮಣ್ಣು ಉದುರುತ್ತಿತ್ತು. ಈಗಿನ ಕಂಪ್ಯೂಟರ್ ಡ್ರ್ಯಾಗನ್ನುಗಳು ಊರನ್ನೇ ಸುಡುತ್ತವೆ, ಒಂದು ಹುಲ್ಲುಕಡ್ಡಿಯೂ ಬಿಸಿಯಾಗುವುದಿಲ್ಲ. ಆ ಸಿನಿಮಾ ಮಾಡಿದವರಿಗೆ ತಾಳ್ಮೆ ಇತ್ತು. ಮಂತ್ರ ಹೇಳುವಾಗ ಆ ಮುದುಕ ಮಂತ್ರವಾದಿಯ ಕೈ ನಡುಗುತ್ತಿತ್ತು. ಮಂತ್ರ ಹಾಕುವುದು ಸುಲಭವಲ್ಲ, ಅದಕ್ಕೆ ಮೈಯಿಂದಲೇ ಏನನ್ನೋ ತೆರಬೇಕು ಎಂದು ಆ ಕೈ ನೋಡಿದರೇ ತಿಳಿಯುತ್ತಿತ್ತು. ನಾನು ಅದಕ್ಕಿಂತ ಒಳ್ಳೆಯ ಸಿನಿಮಾ ನೋಡಿಲ್ಲ. ನೋಡು — ಇಷ್ಟು ಮೆಚ್ಚಿದವನೇ ಅದನ್ನು ಕೆಡಿಸಿದ್ದು.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕನ್ನಡ ಸಿನಿಮಾದ ರೀಲಿನ ಪೆಟ್ಟಿಗೆ ಬರುವುದು ತಡವಾದರೆ ಟೆಂಟಿನ ಸಾಹುಕಾರರು ಹಳೆಯ ಇಂಗ್ಲಿಷ್ ಸಿನಿಮಾ ತಂದು ಹಾಕುತ್ತಿದ್ದರು. ಅದರ ಮಾತು ಯಾರಿಗೂ ತಿಳಿಯದು. ಹಾಗಾಗಿ ಸದ್ದು ತಗ್ಗಿಸಿ, ಸಿನಿಮಾ ಬಿಡುವ ಮೆಷಿನ್ ಪಕ್ಕದಲ್ಲಿ ಒಬ್ಬನನ್ನು ಮೈಕು ಕೊಟ್ಟು ನಿಲ್ಲಿಸುತ್ತಿದ್ದರು. ತೆರೆಯ ಮೇಲೆ ಆಗುವುದನ್ನೆಲ್ಲ ಅವನು ಕನ್ನಡದಲ್ಲಿ ಹೇಳಬೇಕು. ಆ ಒಬ್ಬ ನಾನು. ಬಿ.ಎ. ಪಾಸಾದವನು ಎಂದು ಊರೆಲ್ಲ ನನ್ನನ್ನು ಗೌರವದಿಂದ ನೋಡುತ್ತಿತ್ತು. ಆ ಗೌರವ ಬಿಟ್ಟರೆ ನನ್ನ ಬಳಿ ಬೇರೇನೂ ಇರಲಿಲ್ಲ.

ಕಥೆಗೆ ಇಂಗ್ಲಿಷೇ ಬೇಕಿರಲಿಲ್ಲ. ಬೋಳು ಬಂಡೆಯ ಬೆಟ್ಟದ ಮೇಲೆ ಒಬ್ಬ ಮಂತ್ರವಾದಿ. ಬೆಟ್ಟದ ಗುಹೆಯಲ್ಲಿ ಡ್ರ್ಯಾಗನ್ — ನಾನು ಅದನ್ನು ಬೆಂಕಿಹಾವು ಎನ್ನುತ್ತಿದ್ದೆ. ಅದನ್ನು ಮಲಗಿಸಲು ಆತ ತನ್ನ ಒಂದು ಕಣ್ಣಿನ ಬೆಳಕನ್ನು ಹಿಂದೆಯೇ ಕೊಟ್ಟಿದ್ದಾನೆ. ಆ ಕಣ್ಣಿನಲ್ಲಿ ಬೆಳ್ಳಗೆ ಹೂವು ಬಿದ್ದಿದೆ. ಹಾವು ಮತ್ತೆ ಎದ್ದಾಗ ಉಳಿದ ಕಣ್ಣನ್ನೂ ಕೊಟ್ಟು, ತಾನು ಒಳಗೇ ಉಳಿದು, ಬಂಡೆ ಮುಚ್ಚಿಬಿಡಿ ಎಂದು ಊರವರಿಗೆ ಕೈಸನ್ನೆ ಮಾಡುತ್ತಾನೆ. ಮೊದಲ ದಿನ ನಾನು ಹೇಳಿದ್ದು ಇದನ್ನೇ. ಟೆಂಟಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ನೆಲದ ಟಿಕೆಟ್ಟಿನಲ್ಲಿ ಕೂತಿದ್ದ ನೀನು ಅತ್ತಿದ್ದನ್ನೂ ನೋಡಿದೆ. ನಿಮ್ಮಪ್ಪನ ಕಣ್ಣಿನಲ್ಲೂ ಅಂಥದೇ ಹೂವು ಬಿದ್ದಿತ್ತು. ಸುತ್ತಲ ಹಳ್ಳಿಗಳ ದನಕರುಗಳಿಗೆಲ್ಲ ಬೇರು ಅರೆದು ಔಷಧಿ ಕುಡಿಸುತ್ತಿದ್ದ ಮನುಷ್ಯ.

ಮಾರನೆಯ ದಿನ ಬೆಳಿಗ್ಗೆ ಹೋಟೆಲಿನಲ್ಲಿ ನಾಲ್ಕು ಜನ ನನ್ನ ಇಂಗ್ಲಿಷನ್ನು ಹೊಗಳುತ್ತಿದ್ದರು. ಕಾಫಿ ಕುಡಿಯುತ್ತಿದ್ದ ನಿಮ್ಮಪ್ಪ ನಕ್ಕು, ಬಿ.ಎ. ಫೇಲಾದ ಇಂಗ್ಲಿಷು ಟೆಂಟಿಗೆ ಧಾರಾಳ ಸಾಕು ಅಂದರು. ನನ್ನ ಜೊತೆ ತುಮಕೂರಿನಲ್ಲಿ ಓದುತ್ತಿದ್ದವನು ನಿಮ್ಮ ನೆಂಟ. ನಾನು ಫೇಲಾದದ್ದು ಅವರಿಗೆ ಗೊತ್ತಿತ್ತು. ಬೇಕೆಂದು ಆಡಿದ ಮಾತಲ್ಲ ಅದು, ತಮಾಷೆ. ಆದರೆ ಎಲ್ಲರೂ ನನ್ನ ಮುಖ ನೋಡಿದರು. ನಾನು ಅವರನ್ನು ಆ ಗಳಿಗೆಯಿಂದ ದ್ವೇಷಿಸಿದೆ. ಸುಳ್ಳು ಹೇಳಿದ್ದವನು ನಾನು, ದ್ವೇಷ ನಿಜ ಹೇಳಿದವರ ಮೇಲೆ!

ಅಂದು ಸಂಜೆ ಅದೇ ಸಿನಿಮಾ, ಅದೇ ಮೈಕು. ಮುದುಕ ತೆರೆಗೆ ಬಂದ ಕೂಡಲೇ ಶುರು ಮಾಡಿದೆ. "ಇವನೇ ಮಾಟಗಾರ. ಕಣ್ಣಲ್ಲಿ ಹೂ ಬಿದ್ದೈತೆ ನೋಡಿ. ಬೆಂಕಿಹಾವು ಸಾಕ್ಕೊಂಡು ಊರಿನ ದನ ತಿನ್ನಿಸ್ತಾವ್ನೆ. ಇಂಥಾ ಕಣ್ಣಿನೋರ ಕೈಗೆ ಕೊಟ್ಟಿಗೆ ಒಪ್ಪಿಸಬ್ಯಾಡಿ."

ಮೊದಲು ಯಾರೋ ನಕ್ಕರು, ನೋಡನೋಡುತ್ತಾ ಟೆಂಟೆಲ್ಲ ನಕ್ಕಿತು. ಕೊನೆಗೆ ಊರವರು ಗುಹೆಗೆ ಬಂಡೆ ಮುಚ್ಚುವಾಗ, ಮಾಟಗಾರನಿಗೆ ಸರಿಯಾಗಿ ಆಯಿತು ಅಂದೆ. ಶಿಳ್ಳೆ ಹೊಡೆದರು. ಚಿತ್ರ ಒಂದಿಷ್ಟೂ ಬದಲಾಗಿರಲಿಲ್ಲ, ನಾಲಿಗೆ ಮಾತ್ರ ಬದಲಾಗಿತ್ತು. ಆ ಶಿಳ್ಳೆ ನನಗೆ ಹಿತವಾಗಿತ್ತು, ಕಮಲ. ಇದನ್ನೂ ಬರೆಯಬೇಕು, ಬರೆದಿದ್ದೇನೆ.

ಅಂದು ನೀನು ಎರಡನೆಯ ಸಲ ನೋಡಲು ಬಂದಿದ್ದೆ. ಜನ ಹೊರಗೆ ಹೋಗುವಾಗ ಮೆಷಿನ್ ಹತ್ತಿರ ಬಂದು ನಿಂತೆ.

"ನೆನ್ನೆ ಇಂಗೆ ಹೇಳ್ಲಿಲ್ವಲ್ಲಣ್ಣ. ನೆನ್ನೆ ಆ ತಾತ ಒಳ್ಳೇನಾಗಿದ್ನಲ್ಲ."

"ನಿಂಗೇನು ಇಂಗ್ಲಿಷ್ ಬತ್ತದಾ? ಸುಮ್ಕೆ ಮನೆಗೆ ಓಗು" ಅಂದೆ.

ಎರಡೂ ಆಟ ನೋಡಿದವರು ಬೇರೆಯವರೂ ಇದ್ದರು. ಅಂದು ಕೇಳಿದವಳು ನೀನೊಬ್ಬಳೇ. ಉಳಿದವರಿಗೆ ಎರಡನೆಯ ಕಥೆಯೇ ಹೆಚ್ಚು ರುಚಿಸಿತು. ಆ ಜನರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ — ಆದರೆ ಆ ರುಚಿ ಹತ್ತಿಸಿದವನು ಯಾರು?

ಕೆಲವು ದಿನ ಬರೀ ಹಾಸ್ಯವಾಗಿತ್ತು. ನಿಮ್ಮಪ್ಪ ಬೀದಿಯಲ್ಲಿ ಬಂದರೆ ಹುಡುಗರು ಬೆಂಕಿಹಾವು ಎಂದು ಕೂಗುತ್ತಿದ್ದರು. ಆಮೇಲೆ ಒಬ್ಬರ ಮನೆಯಲ್ಲಿ ಗಬ್ಬದ ಎಮ್ಮೆ ಸತ್ತಿತು. ಹಿಂದಿನ ದಿನ ಅದಕ್ಕೆ ಔಷಧಿ ಕುಡಿಸಿದ್ದವರು ನಿಮ್ಮಪ್ಪ. ಎಮ್ಮೆಯವರು, ಅವರ ಹಿಂದೆ ಅರ್ಧ ಬೀದಿ, ನಿಮ್ಮ ಬಾಗಿಲಿಗೆ ಬಂದರು. ಬೇರು ಅರೆಯುವ ಕಲ್ಲನ್ನು ಹೊತ್ತೊಯ್ದು ಬಾವಿಗೆ ಎಸೆದರು. ಗುಂಪಿನಲ್ಲಿ ನಾನೂ ಇದ್ದೆ. ನಿಮ್ಮಪ್ಪ ಯಾರ ಮೇಲೂ ಕೂಗಾಡಲಿಲ್ಲ. ನನ್ನನ್ನು ಹುಡುಕಿ ನೋಡಿ ಹೇಳಿದರು:

"ಅದು ಸಿನಿಮಾ ಅಂತ ಇವ್ರಿಗೊಂದು ಮಾತು ಹೇಳ್ಬುಡಪ್ಪ. ಅಷ್ಟು ಸಾಕು ನಂಗೆ."

"ನಾನು ಯಾರ ಹೆಸರನ್ನೂ ಹೇಳಿಲ್ವಲ್ಲ" ಅಂದೆ.

ನಿಜವೇ. ಹೆಸರು ಹೇಳಿರಲಿಲ್ಲ. ಕಣ್ಣನ್ನು ತೋರಿಸಿಕೊಟ್ಟು ಹೆಸರನ್ನು ಊರಿನ ಬಾಯಿಗೆ ಬಿಟ್ಟಿದ್ದೆ. ಅವರು ಮತ್ತೆ ಕೇಳಲಿಲ್ಲ. ಆ ವಾರವೇ ನೀವು ನಿಮ್ಮಮ್ಮನ ತವರು, ತೆಲುಗು ಸೀಮೆಯ ಗಡಿಯ ನಾಗಲಮಡಿಕೆಗೆ ಹೊರಟುಹೋದಿರಿ. ನಾನು ಬಸ್ ನಿಲ್ದಾಣದ ಕಡೆ ಸುಳಿಯಲಿಲ್ಲ.

ಹುಡುಗರು ಹೋದ ಮೇಲೆ ನಿನ್ನ ನಂಬರು ಹುಡುಕಿ ಫೋನ್ ಮಾಡಿದೆ. ನಿನ್ನ ಕನ್ನಡದಲ್ಲಿ ಈಗ ತೆಲುಗಿನ ಎಳೆತ ಸೇರಿದೆ. ನಿಮ್ಮಪ್ಪ ನಾಗಲಮಡಿಕೆಯಲ್ಲಿ ಸಾಯುವವರೆಗೂ ಒಂದು ಬೇರನ್ನೂ ಅರೆಯಲಿಲ್ಲ, ಮನೆಯ ಹಸು ಕಣ್ಣೆದುರಿಗೇ ಒದ್ದಾಡುವಾಗಲೂ ಕೈ ಕಟ್ಟಿ ಕೂತಿದ್ದರು ಎಂದು ನೀನು ಹೇಳಿದೆ. ನಾನು ಅಳುವುದಕ್ಕೆ ಶುರು ಮಾಡಿದೆ. ನೀನು ಬೈದು ನಿಲ್ಲಿಸಿದೆ, ಒಳ್ಳೆಯದೇ ಮಾಡಿದೆ. ಮಧುಗಿರಿಯ ಆಟದ ದಿನ ಮೈಕಿನಲ್ಲಿ ನಿಮ್ಮಪ್ಪನ ಹೆಸರು ಹಿಡಿದು ಕ್ಷಮೆ ಕೇಳುತ್ತೇನೆ, ಮುಂದೆ ಬಂದು ಕೂತುಕೋ ಎಂದೆ. ನಿನ್ನ ಉತ್ತರ ಇನ್ನೂ ಕಿವಿಯಲ್ಲಿದೆ.

"ನಾನು ಬರಾಕಿಲ್ಲ. ನೀನೇನು ಹೇಳ್ಕೋತೀಯೋ ಹೇಳ್ಕೋ. ನಮ್ಮಪ್ಪನ ಹೆಸರು ಮಾತ್ರ ನಿನ್ನ ಬಾಯಲ್ಲಿ ಬರಬಾರ್ದು. ಅರ್ಥ ಆಯ್ತಾ, ಇಲ್ಲ ಇದನ್ನೂ ಬ್ಯಾರೆ ಥರ ಹೇಳ್ತೀಯಾ?"

ಅರ್ಥವಾಯಿತು, ಕಮಲ. ಅದಕ್ಕೇ ಈ ಬರಹದಲ್ಲಿ ಅವರ ಹೆಸರಿಲ್ಲ. ಅಂದು ಹೇಳದೆ ತಪ್ಪಿಸಿಕೊಂಡ ಹೆಸರನ್ನು ಇಂದು ಹೇಳುವ ಹಕ್ಕು ನನಗಿಲ್ಲ.

ಭಾನುವಾರ ಮಧುಗಿರಿಯಲ್ಲಿ ಆಟ. ಮೆಚ್ಚುಗೆಯ ನಾಲ್ಕು ಸಾಲಿನ ಬದಲು ಇದನ್ನೇ ಓದುತ್ತೇನೆ. ಹುಡುಗರು ಮೈಕು ಕಿತ್ತುಕೊಂಡರೆ ಮೈಕಿಲ್ಲದೆ ಓದುತ್ತೇನೆ. ನನ್ನ ಹೆಸರು, ನನ್ನ ಅಪ್ಪನ ಹೆಸರು, ಬಿ.ಎ. ಫೇಲು, ಎಲ್ಲ ಹೇಳುತ್ತೇನೆ. ಬಡವನಹಳ್ಳಿಯಿಂದ ಬಂದವರು ಯಾರಾದರೂ ಎದ್ದು, ಆ ಕಣ್ಣಿನ ಮನುಷ್ಯ ಯಾರು ಎಂದು ಕೇಳೇ ಕೇಳುತ್ತಾರೆ. ಆಗ ನಾನು ಬಾಯಿ ಮುಚ್ಚಿಕೊಂಡು ನಿಲ್ಲಬೇಕು.